ಟ್ಯಾಂಕಿಗೆ ಹೊಡೆದ ಕೆಂಪು ಬಿರಡೆ

ಅಪ್ಪಯ್ಯನಿಗೆ ನಿನ್ನ ಮಗಳು ಗೌರಿಯ ನಮಸ್ಕಾರ.

ಅಕ್ಷರ ನೋಡಿ ಬೈಯಬೇಡ. ನಾಲ್ಕನೇ ಕ್ಲಾಸು ಬಿಟ್ಟು ಎಂಟು ವರ್ಷವಾಯಿತು. ಒತ್ತು ಎಲ್ಲಿ ಕೊಡಬೇಕು, ದೀರ್ಘ ಎಲ್ಲಿ ಎಳೆಯಬೇಕು ಅನ್ನುವುದು ಅರ್ಧ ಮರೆತಿದೆ. ಅದೂ ಅಲ್ಲದೆ ನಿನ್ನೆ ಬಿಸಿಲಲ್ಲಿ ಕೂತು ಒದ್ದೆ ಗೋಣಿ ಒತ್ತಿ ಹಿಡಿದು ಬಲಗೈ ಇನ್ನೂ ನೋಯುತ್ತಿದೆ. ಯಾಕೆ ಹಿಡಿದೆ ಅನ್ನುವುದನ್ನು ಹೇಳುವುದಕ್ಕೇ ಕೂತಿದ್ದೇನೆ. ನೀನಿದ್ದಾಗ ನಿನ್ನೆದುರು ನಾಲ್ಕು ಮಾತು ಒಟ್ಟಿಗೆ ಆಡಿದವಳಲ್ಲ. ಈಗ ಕಾಗದದ ಮೇಲಾದರೂ...

ಆ ಮೋಟಾರು ನಮ್ಮ ಬೀದಿಯಲ್ಲಿ ಮೊದಲ ಸಲ ನಿಂತ ದಿನ ನೆನಪಿದೆಯಾ? ಕನಕಪುರದ ರೇಷ್ಮೆ ಸಾಹುಕಾರರದ್ದು. ಯಾರೋ ದೊರೆ ಓಡಿಸಿ ಓಡಿಸಿ ಹಳತಾದ ಮೇಲೆ ಇವರಿಗೆ ಮಾರಿದ್ದು. ಪೆಟ್ರೋಲು ಟ್ಯಾಂಕಿನ ತಳಕ್ಕೆ ತುಕ್ಕು ಹಿಡಿದು ತೂತು ಬಿದ್ದು, ಬೀದಿ ಉದ್ದಕ್ಕೂ ತೊಟ್ಟು ತೊಟ್ಟಾಗಿ ಸೋರಿಕೊಂಡು ಬಂದಿತ್ತು. ಡ್ರೈವರ್ ನಿಂಗಣ್ಣ ಎದುರು ಮನೆಯ ರಹೀಂ ಸಾಬರನ್ನು ಕರೆದ. ತಗಡಿನ ಕೆಲಸಕ್ಕೆ ಚನ್ನಪಟ್ಟಣದಲ್ಲಿ ಅವರನ್ನು ಬಿಟ್ಟರೆ ಇನ್ಯಾರು? ಅವರು ಮೂಗಿಗೆ ಟವಲು ಹಿಡಿದು ದೂರವೇ ನಿಂತರು. "ಲಾಂದ್ರ ಕೊಡು, ಬಿಂದಿಗೆ ಕೊಡು, ಬೆಸುಗೆ ಹಾಕ್ತೀನಿ. ಇದು ಪೆಟ್ರೋಲು ಕಣಪ್ಪಾ. ಬೆಂಕಿ ತೋರ್ಸಿದ್ರೆ ನಾನು ನಿನಗಿಂತ ಮುಂಚೆ ಮೈಸೂರು ಸೇರ್ತೀನಿ, ತುಂಡು ತುಂಡಾಗಿ!" ಬೀದಿಯೆಲ್ಲ ನಕ್ಕಿತು. ಬೊಂಬೆ, ಬುಗುರಿ ಕಡೆಯುವ ನೀನು ಮಾತ್ರ ನಗದೆ ಮೋಟಾರಿನ ಕೆಳಗೆ ತೂರಿದೆ. ಹೊರಗೆ ಬಂದು, "ಬೆಂಕಿ ಯಾಕ್ಲಾ? ಬಿರಡೆ ಹೊಡುದ್ರಾಯ್ತು" ಅಂದೆ. ನಿಂಗಣ್ಣ, "ಏನ್ ಯಜಮಾನ್ರೇ, ಮೋಟಾರಿಗೂ ಬುಗುರಿ ಕಟ್ಟೀರಾ?" ಅಂತ ಹಂಗಿಸಿದ.

ಅವತ್ತು ನೀನು ಎರಡು ತೆಂಗಿನ ಚಿಪ್ಪಿನಲ್ಲಿ ಪೆಟ್ರೋಲು ಹಿಡಿಸಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಒಂದರಲ್ಲಿ ಬರೀ ಅರಗಿನ ಚೂರು ಹಾಕಿದೆ. ಇನ್ನೊಂದರಲ್ಲಿ ರಾಳ ಬೆರೆಸಿದ ಅರಗು, ಅಗ್ಗದ ಬುಗುರಿಗೆ ಬಳಿಯುತ್ತೇವಲ್ಲ, ಅದು. ಒಸಿ ಹೊತ್ತಿಗೆ ರಾಳದ್ದು ಬೆಲ್ಲದ ಪಾಕದ ಹಾಗೆ ಅಂಟಂಟಾಯಿತು. ಬರೀ ಅರಗು ಹಾಕಿದ ಹಾಗೇ ಕೂತಿತ್ತು. "ನೋಡ್ದಾ ಗೌರಿ? ಶುದ್ಧವಾಗಿದ್ರೆ ಇದ್ಕೆ ಪೆಟ್ರೋಲಿನ ಭಯ ಇಲ್ಲ. ನಾದ್ಕೊಡವ್ವಾ, ಕೆಂಪು" ಅಂದೆ. ನಾನು ಒಳಗೆ ಓಡಿದೆ. ಕೆಂಡದ ಪಕ್ಕ ಎರಡು ಉಂಡೆ ಇದ್ದವು. ಬಲಗಡೆ ಶುದ್ಧದ್ದು, ಎಡಗಡೆ ರಾಳದ್ದು, ಅದು ನಮ್ಮ ಮನೆಯ ಪದ್ಧತಿ. ಹೊರಗೆ ಅಷ್ಟು ಜನ, ಮೋಟಾರಿನ ಗದ್ದಲ, ಬೇಗ ಬೇಗ ಅನ್ನುವ ನಿಂಗಣ್ಣ. ಒಂದನ್ನು ಎತ್ತಿಕೊಂಡೆ, ಇಂಗಳೀಕದ ಕೆಂಪು ಪುಡಿ ಸೇರಿಸಿ ನಾದಿದೆ, ಅರಗಿನ ಕಡ್ಡಿ ಎಳೆದು ನಿನ್ನ ಕೈಗೆ ಕೊಟ್ಟೆ. ನೀನು ತಿರುಗಣಿಯಲ್ಲಿ ಆಲೆ ಮರದ ಬಿರಡೆ ಕಡೆದು, ತಿರುಗುತ್ತಿದ್ದಾಗಲೇ ಅರಗು ಒತ್ತಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ತಂದೆ. ಅರಗು ಹತ್ತುವುದಕ್ಕೆ ಆ ಉಜ್ಜಾಟದ ಬಿಸಿಯೇ ಸಾಕಲ್ಲ, ಬೆಂಕಿಯ ಮಾತೇ ಇಲ್ಲ. ಅದನ್ನು ಟ್ಯಾಂಕಿನ ತೂತಿಗಿಟ್ಟು ಕೊಡತಿಯಲ್ಲಿ ಮೂರು ಏಟು ಹೊಡೆದೆ. ಸೋರುವುದು ನಿಂತಿತು. ಮೋಟಾರಿನ ಹೊಟ್ಟೆಯ ಕೆಳಗೆ ಕುಂಕುಮದ ಬೊಟ್ಟಿನ ಹಾಗೆ ಕಾಣುತ್ತಿತ್ತು.

ಅದಾಗಿ ಮೂರನೇ ದಿನ ನಿಂಗಣ್ಣ ಬೀದಿಯಲ್ಲಿ ನಿಂತು ಕೂಗಿದ್ದನ್ನು ನಾನು ಕದದ ಹಿಂದಿನಿಂದ ಕೇಳಿದೆ. ಕೂಟಗಲ್ ಹತ್ತಿರ ಮೋಟಾರು ನಿಂತೇ ಹೋಯಿತಂತೆ, ಟ್ಯಾಂಕು ಬರಿದಾಗಿತ್ತಂತೆ. ಸಾಹುಕಾರರು ಮಗಳ ನಿಶ್ಚಿತಾರ್ಥಕ್ಕೆ ಹೊರಟವರು ಎತ್ತಿನ ಗಾಡಿ ಹತ್ತಿ ಹೋಗಬೇಕಾಯಿತಂತೆ. "ಬೊಂಬೆ ಮಾಡೋನ ಕೈಗೆ ಮೋಟಾರು ಕೊಟ್ಟೆ ನೋಡು, ನನ್ಗೆ ಬುದ್ಧಿ ಇಲ್ಲ! ಬಿರಡೆ ಬಿಟ್ಕೊಂಡ್ಬುಡ್ತು!" ನೀನು ಒಂದು ಮಾತೂ ತಿರುಗಿ ಆಡಲಿಲ್ಲ. ಸಂಜೆ ಜಗುಲಿಯ ಮೇಲೆ ಕೂತು ಮೆಲ್ಲಗೆ ಕೇಳಿದೆ: "ಅರಗಿಗೆ ರಾಳ ಸೇರಿತ್ತೇನವ್ವಾ?" ನನಗೆ ಯಾವ ಕಡೆಯ ಉಂಡೆ ಎತ್ತಿದೆ ಅನ್ನುವುದೇ ನೆನಪಿಗೆ ಬರಲಿಲ್ಲ. ಇಲ್ಲ ಅಂದರೆ ಸುಳ್ಳಾದೀತು, ಹೌದು ಅಂದರೆ... ತಲೆ ತಗ್ಗಿಸಿ ನಿಂತೆ. ನೀನು "ಹೋಗ್ಲಿ ಬುಡು" ಅಂದು ಎದ್ದು ಹೋದೆ.

ಮಾರನೇ ದಿನ ಚಿಕ್ಕಪ್ಪ ಕೇಳಿದಾಗ ನೀನು "ನಂದೇ ತಪ್ಪು ಕಣ್ಲಾ, ಬಿರಡೆ ಸಣ್ಣ ಆಯ್ತು" ಅಂದೆ. ನನ್ನ ಹೆಸರು ಎತ್ತಲಿಲ್ಲ. ಆದರೆ ಆವತ್ತಿನಿಂದ ಅರಗು ನೀನೇ ನಾದಿಕೊಂಡೆ. ಬೈದಿದ್ದರೆ ಅಳಬಹುದಿತ್ತು ಅಪ್ಪಯ್ಯಾ. ಬೈಯದೆ ಕೆಂಡದ ಮುಂದೆ ನೀನೇ ಕೂತೆಯಲ್ಲ, ಅದಕ್ಕೆ ನಾನು ಏನು ಮಾಡಬೇಕಿತ್ತು? ಆರು ತಿಂಗಳಿಗೆ ನಿನಗೆ ಜ್ವರ ಬಂತು. ಒಂಬತ್ತು ದಿನ. ಪ್ರತಿ ದಿನ ಗಂಜಿ ಕುಡಿಸುವಾಗ ಹೇಳೋಣ, ನನಗೆ ಗೊತ್ತಿಲ್ಲ ಅಂತಲಾದರೂ ಹೇಳೋಣ ಅಂದುಕೊಂಡೆ. ಹತ್ತನೇ ದಿನ ಹೇಳುವುದಕ್ಕೆ ನೀನಿರಲಿಲ್ಲ.

ನೀನು ಹೋದ ಮೇಲೆ ತಿರುಗಣಿಗೆ ಚಿಕ್ಕಪ್ಪ ಕೂತ. ನೀನು ಮುಚ್ಚಿಟ್ಟದ್ದನ್ನು ಅವನು ಹೇಗೋ ಊಹಿಸಿದ್ದ. ಮೊದಲ ದಿನವೇ, "ನಿನ್ ಅರಗು ಬ್ಯಾಡ ಕಣವ್ವಾ, ಒಂದ್ಸಲ ಮಾನ ಹೋಗಿದ್ದು ಸಾಕು" ಅಂದ. ಒಂದು ವರ್ಷದಿಂದ ನಾನು ಮರದ ಹೊಟ್ಟು ಗುಡಿಸುತ್ತೇನೆ, ಗರಿ ಸೀಳಿ ಕೊಡುತ್ತೇನೆ. ಅಷ್ಟೆ. ಕೆಲಸ ಹಗುರ, ಆದರೂ ಸಂಜೆಯ ಹೊತ್ತಿಗೆ ಮೈ ಕಲ್ಲಾಗಿರುತ್ತದೆ. ಅವ್ವ ರಕ್ತ ಇಲ್ಲ ಅನ್ನುತ್ತಾಳೆ. ಅದಲ್ಲ ಅಂತ ಹೇಗೆ ಹೇಳಲಿ?

ನಿನ್ನೆ ಅದೇ ಮೋಟಾರು ಮತ್ತೆ ಬಂತು. ಸದ್ದು ಕೇಳಿದ ಕೂಡಲೇ ಗುರುತು ಹಿಡಿದೆ. ಪೊರಕೆ ಮೂಲೆಗಿಟ್ಟು ಬಾಗಿಲಿಗೆ ಬಂದೆ. ರಹೀಂ ಸಾಬರು ಈಗ ಹೆದರುವುದಿಲ್ಲ. ಬೆಂಗಳೂರಿನಲ್ಲಿ ನೋಡಿಕೊಂಡು ಬಂದಿದ್ದಾರೆ. ಟ್ಯಾಂಕು ಕಳಚಿ, ಕುದಿಯುವ ನೀರಿನಲ್ಲಿ ತೊಳೆದು, ನೀರು ತುಂಬಿಕೊಂಡೇ ಬೆಸುಗೆ ಹಾಕಬೇಕಂತೆ. ಅವರು ಟ್ಯಾಂಕನ್ನು ಬೀದಿಯಲ್ಲಿ ಮಗುಚಿದರು. ಕೆಸರು ಒರೆಸಿದರು. ಆಮೇಲೆ ನಮ್ಮ ಮನೆಯ ಕಡೆಗೆ ತಿರುಗಿ, "ಗೌರವ್ವಾ, ಬಾ ಇಲ್ಲಿ" ಅಂದರು.

ಬಿರಡೆ ಅಲ್ಲೇ ಇತ್ತು ಅಪ್ಪಯ್ಯಾ.

ಕೆಸರಿನ ಕೆಳಗೆ ಕೆಂಪಗೆ, ನೀನು ಉಜ್ಜಿದ ಹೊಳಪಿನ ಸಮೇತ. ಸಾಬರು ಇಕ್ಕಳ ಹಾಕಿ ತಿರುಚಿ ನೋಡಿದರು, ಕದಲಲಿಲ್ಲ. "ಇದು ಸೋರೋದಾ? ಇದ್ನ ಕೀಳ್ಬೇಕಾದ್ರೆ ಟ್ಯಾಂಕೇ ಹರೀಬೇಕು" ಅಂದರು. ಸೋರುತ್ತಿದ್ದದ್ದು ಇನ್ನೊಂದು ತುದಿಯಲ್ಲಿ, ಕೊಳವೆ ಕೂಡುವ ಜಾಗದಲ್ಲಿ. ಅಲ್ಲಿ ಹಳೆಯ ಸೋಪು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಸಾಬರು ಉಗುರಿನಲ್ಲಿ ಕೆರೆದು ನಿಂಗಣ್ಣನ ಮುಖ ನೋಡಿದರು. "ಈ ಸೋಪು ಯಾವಾಗ ಮೆತ್ತಿದ್ದು?"

ನಿಂಗಣ್ಣ ಕತ್ತಿನ ಬೆವರು ಒರೆಸಿಕೊಂಡ. "ಒಂದೂವರೆ ವರ್ಷ ಆಯ್ತು. ಕೂಟಗಲ್ ತಾವ."

"ಅಂದ್ರೆ ಆವತ್ತು ಸೋರಿದ್ದೂ ಇಲ್ಲೇಯಾ?"

"ಹೂಂ. ಸಾಹುಕಾರ್ರು ಬೈಯ್ಯೋವಾಗ ಬಾಯಿಗ್ ಬಂದಿದ್ದು ಬಿರಡೆ. ಅವ್ರು ಗಾಡಿ ಹತ್ತಿ ಹೋದ್ಮೇಲೆ ಬಗ್ಗಿ ನೋಡ್ದೆ, ನಟ್ಟು ಸಡ್ಲ ಆಗಿತ್ತು. ನಾನೇ ಬಿಗಿ ಮಾಡ್ದೇ ಬುಟ್ಟಿದ್ದೆ. ಹೇಳಿದ್ರೆ ಕೆಲ್ಸ ಹೋಗ್ತಿತ್ತು ಸಾಬ್ರೇ. ಆಮೇಲೆ ಯಜಮಾನ್ರೂ ಏನೂ ಅನ್ಲಿಲ್ಲ, ಸುಮ್ಗಾದೆ."

ನೀನು ಏನೂ ಅನ್ನಲಿಲ್ಲ. ನಾನೂ ಏನೂ ಅನ್ನಲಿಲ್ಲ. ಅವನೂ ಅನ್ನಲಿಲ್ಲ. ಮೂರು ಜನ ಸುಮ್ಮನಿದ್ದು ಒಂದು ಸುಳ್ಳನ್ನು ಸಾಕಿದೆವಲ್ಲ ಅಪ್ಪಯ್ಯಾ? ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೂತುಬಿಡೋಣ ಅನ್ನಿಸಿತು, ಅಷ್ಟೆ.

ಬೆಸುಗೆಯ ಕಾವಿಗೆ ಅರಗು ಕರಗೀತು ಅಂತ ಸಾಬರು ಬಿರಡೆ ಕೊಯ್ದು ತೆಗೆದು ಅಲ್ಲೂ ತಗಡು ಹಾಕುತ್ತೇನೆ ಅಂದರು. ಆಗ ನನ್ನ ಬಾಯಿಂದ ಮಾತು ಬಂತು, ಬೀದಿಯಲ್ಲಿ, ಅಷ್ಟು ಜನರ ಮುಂದೆ. "ತೆಗೀಬ್ಯಾಡಿ ಸಾಬ್ರೇ. ನಾನು ಹಿಡ್ಕೊಂತೀನಿ." ಗೋಣಿ ನೆನೆಸಿ ಬಿರಡೆಯ ಮೇಲೆ ಒತ್ತಿ ಹಿಡಿದು ಕೂತೆ. ಅವರು ಆ ತುದಿಯಲ್ಲಿ ಕಾಯ್ದ ಕಬ್ಬಿಣ ಎಳೆದರು. ಒಳಗಿನ ನೀರು ಬೆಚ್ಚಗಾಗುವುದು ಅಂಗೈಗೆ ತಿಳಿಯುತ್ತಿತ್ತು. ನಿಂಗಣ್ಣನೇ ತಂಬಿಗೆಯಲ್ಲಿ ನೀರು ತಂದು ತಂದು ಗೋಣಿಗೆ ಸುರಿದ. ನನ್ನ ಮುಖ ನೋಡಲಿಲ್ಲ. ಕೊನೆಗೆ ಗೋಣಿ ತೆಗೆದಾಗ ಬಿರಡೆ ತಣ್ಣಗೆ, ಒಂದು ಬಿರುಕೂ ಇಲ್ಲದೆ ಇತ್ತು. ಮೋಟಾರು ಅದನ್ನು ಹೊತ್ತುಕೊಂಡೇ ಕನಕಪುರಕ್ಕೆ ಹೋಯಿತು.

ನೀನು ಕೇಳಿದ್ದೆಯಲ್ಲ, ಜಗುಲಿಯ ಮೇಲೆ. ಇಲ್ಲ ಅಪ್ಪಯ್ಯಾ. ರಾಳ ಸೇರಿರಲಿಲ್ಲ. ಬಲಗಡೆಯ ಉಂಡೆಯನ್ನೇ ಎತ್ತಿದ್ದೆ.

ಚಿಕ್ಕಪ್ಪ ನಿನ್ನೆ ಎಲ್ಲವನ್ನೂ ಬಾಗಿಲಲ್ಲಿ ನಿಂತು ನೋಡಿದ, ಒಳಗೆ ಹೋದ. ಬೆಳಿಗ್ಗೆ ನಾನು ಪೊರಕೆ ಹುಡುಕಿದರೆ ಅದು ಅವನ ಕೈಯಲ್ಲಿತ್ತು. "ಕೆಂಡ ಮಾಡಿವ್ನಿ, ನೋಡೋಗವ್ವಾ" ಅಂದ, ಹೊಟ್ಟು ಗುಡಿಸುತ್ತಾ. ಕೂತೆ. ಅರಗು ನಾದಿದೆ. ಒಂದೇ ಕಡ್ಡಿ, ಕೆಂಪು. ಆರಿದ ಮೇಲೆ ತಿರುಗಣಿಯ ಬಲಗಡೆ, ನಿನ್ನ ಕೈ ಹೋಗುತ್ತಿದ್ದ ಜಾಗದಲ್ಲಿ ಇಟ್ಟು ಬಂದಿದ್ದೇನೆ.