ಮುಂಡರಗಿ ರಸ್ತೆಯ ನೀಲಿ ಡಬ್ಬಿ

ಕಪ್ಪತಗುಡ್ಡದ ಬುಡ,
೩೦ ಫೆಬ್ರವರಿ ೨೧೧೨

ಹಿಂದಿನ ಕಾಲದ ಬೆಸುಗೆಗಾರರಿಗೆ,

ಫೆಬ್ರವರಿಗೆ ಮೂವತ್ತನೆಯ ತಾರೀಖು ಎಲ್ಲಿಂದ ಬಂತೆಂದು ನೀವು ಹುಬ್ಬೇರಿಸಬಹುದು. ನಮ್ಮ ಅಜ್ಜಿಯರ ಕಾಲದಲ್ಲಿ ತಿಂಗಳುಗಳನ್ನು ಹೊಸದಾಗಿ ಹಂಚಿದರು. ಅಂದಿನಿಂದ ಫೆಬ್ರವರಿಗೂ ಮೂವತ್ತು ದಿನ. ಇಂಥ ಇನ್ನಷ್ಟು ಅಪರಿಚಿತ ಸಂಗತಿಗಳು ಈ ಕಾಗದದಲ್ಲಿ ಬರುತ್ತವೆ, ಕ್ಷಮಿಸಿ. ಹಿಂದಕ್ಕೆ ಹೋಗುವ ಅಂಚೆ ನಮ್ಮಲ್ಲೂ ಇಲ್ಲ. ಆದರೂ ನಿಮ್ಮನ್ನೇ ಕೇಳಬೇಕಾದ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ನಾನು ಇಳಾ ಹೊಂಬಳ. ನೀವು ಈ ಗುಡ್ಡದ ಮೇಲೆ ನಿಲ್ಲಿಸಿದ ಗಾಳಿಯಂತ್ರಗಳಲ್ಲಿ ಈಗ ಒಂದೂ ತಿರುಗುವುದಿಲ್ಲ. ಅವುಗಳ ಕಂಬಗಳನ್ನು ಇಳಿಸಿ, ಅಡ್ಡಡ್ಡ ಕೊಯ್ದು, ಮತ್ತೆ ಬೆಸೆದು ನೀರುಬಳೆ ಮಾಡುವುದು ನಮ್ಮ ಕೆಲಸ. ನೀರುಬಳೆ ಎಂದರೆ ಮಳೆನೀರಿನ ಬಾವಿಯ ಗೋಡೆ ಕುಸಿಯದಂತೆ ಒಳಗೆ ಇಳಿಸುವ ದೊಡ್ಡ ಕಬ್ಬಿಣದ ಉಂಗುರ. ಬೆಸೆಯುವ ಮುಂಚೆ ಜಿಡ್ಡು ತೆಗೆಯಲು ನಮ್ಮಲ್ಲಿರುವುದು ಹುಳಿನೀರು ಮಾತ್ರ. ಹಣ್ಣಿನ ಸಿಪ್ಪೆ ಕೊಳೆಸಿ ಮಾಡಿದ ಆ ನೀರಿಗೆ ಶಕ್ತಿ ಕಡಿಮೆ. ಒಂದು ಬಳೆ ತಿಕ್ಕುವಷ್ಟರಲ್ಲಿ ಅರ್ಧ ದಿನ ಹೋಗಿ ರಟ್ಟೆ ಬಿದ್ದುಹೋಗುತ್ತದೆ.

ಕಳೆದ ತಿಂಗಳು ಮುಂಡರಗಿ ರಸ್ತೆಯ ಪಕ್ಕ ಮಣ್ಣು ಅಗೆಯುವಾಗ ನಿಮ್ಮ ಕಾಲದ ಒಂದು ಗ್ಯಾರೇಜು ಸಿಕ್ಕಿತು. ಗ್ರೀಸು ತುಂಬಿದ ಪೆಟ್ಟಿಗೆಯೊಳಗೆ ಹುದುಗಿದ್ದ ನೀಲಿ ಡಬ್ಬಿಯೊಂದು ತುಕ್ಕು ಸಹ ಹಿಡಿಯದೆ ಉಳಿದಿತ್ತು. ಮೇಲೆ ಕಾರಿನ ಗಾಲಿಯ ಚಿತ್ರ. ಅದರ ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ನನ್ನ ಜೊತೆಗಾತಿ ಕಾಶಿಂಬಿ ಮುಚ್ಚಳ ತೆಗೆದು ಬಟ್ಟೆಗೆ ನಾಲ್ಕು ಹನಿ ಹಾಕಿ ಕಬ್ಬಿಣ ಒರೆಸಿದಳು. ಎಂಬತ್ತು ವರ್ಷದ ಜಿಡ್ಡು ಒಂದೇ ಎಳೆತಕ್ಕೆ ಮಾಯ!

"ಏ ಇಳಾ, ಬಾರವ್ವ ಇಲ್ಲಿ. ನಮ್ಮ ಮುತ್ಯಾಗೋಳು ಎಷ್ಟ್ ಶಾಣ್ಯಾರಿದ್ರು ನೋಡು!" ಎಂದು ಕೂಗಿದಳು. ಗುಡ್ಡದ ಸುತ್ತಿನ ಹನ್ನೊಂದು ಊರುಗಳಲ್ಲಿ ಅವಳಷ್ಟು ನೇರವಾಗಿ ಬೆಸೆಯುವವರಿಲ್ಲ. ಹುಳಿನೀರಿನ ಗಡಿಗೆಯನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿ, ಡಬ್ಬಿಯ ದ್ರವವನ್ನು ಬಳೆಯ ಕೀಲಿಗೇ ಸುರಿದಳು. ನಾನೂ ಬೆರಗಿನಿಂದ ನೋಡುತ್ತ ನಿಂತೆ, ತಡೆಯಲಿಲ್ಲ. ಮೇಲ್ಮೈ ಕ್ಷಣದಲ್ಲಿ ಆರಿತು. ಕೀಲಿನ ಸಂದಿಯೊಳಗೆ ಒಂದಿಷ್ಟು ಉಳಿದಿತ್ತೆಂದು ಇಬ್ಬರಿಗೂ ಕಾಣಲಿಲ್ಲ.

ಅವಳು ಕಿಡಿ ಹೊತ್ತಿಸಿದಾಗ ಸಂದಿಯಿಂದ ಬಿಳಿ ಹೊಗೆಯ ಒಂದು ಸಣ್ಣ ಸುರುಳಿ ಎದ್ದು ಅವಳ ಮುಖವಾಡದೊಳಗೆ ನುಗ್ಗಿತು. ಕೆಮ್ಮುತ್ತ ಹಿಂದೆ ಸರಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಹಸಿ ಹುಲ್ಲ ಕೊಯ್ದಂಗ ವಾಸನಿ ಬಂತಲ್ಲ. ಈ ಕಲ್ಲಾಗ ಹುಲ್ಲ ಎಲ್ಲೈತಿ?" ಎಂದಳು.

ಕಾಲು ಗಂಟೆಯಲ್ಲಿ ಕೆಮ್ಮು ನಿಂತಿತು. ನೀರು ಕುಡಿದಳು, ನಕ್ಕಳು, ಮತ್ತೆ ಮುಖವಾಡಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ನಾನು ಭೂತಗನ್ನಡಿ ಹಿಡಿದು ಡಬ್ಬಿಯ ಅಕ್ಷರ ಓದುತ್ತಿದ್ದೆ. ಹಳೆಯ ಬರಹ ಕಂಡರೆ ಓದದೆ ಇರಲಾಗದ ಚಟ ನನಗಿದೆ. ಅದು ಕಾರಿನ ಬ್ರೇಕು ತೊಳೆಯುವ ದ್ರವ. ಹದಿನೇಳನೆಯ ಸಾಲಿನಲ್ಲಿ ಕ್ಲೋರಿನ್ ಎಂಬ ಹೆಸರಿತ್ತು. ಅದರ ಕೆಳಗೆ, ಬೆಸುಗೆಯ ಹತ್ತಿರ ಬಳಸಬಾರದು, ವಿಷಗಾಳಿ ಏಳುತ್ತದೆ ಎಂದಿತ್ತು. ಡಬ್ಬಿ ಕೆಳಗಿಟ್ಟು ಎದ್ದೆ. ಉಸಿರುಮನೆಗೆ ರೇಡಿಯೊ ಹಚ್ಚಿದೆ. ಉಸಿರುಮನೆ ಎಂದರೆ ಧೂಳಿನಿಂದ ಪುಪ್ಪುಸ ಕೆಟ್ಟವರನ್ನು ನೋಡುವ ಆಸ್ಪತ್ರೆ. ಅಲ್ಲಿಯ ವೈದ್ಯ ತೋಂಟೇಶ ಹಳೆಯ ಪುಸ್ತಕಗಳನ್ನು ಬಲ್ಲವನು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವನು ಕೇಳಿದ:

"ಆಕಿ ಈಗ ಏನ್ ಮಾಡಾಕತ್ತಾಳ?"

"ನಗಾಕತ್ತಾಳ್ರೀ. ಏನೂ ಆಗಿಲ್ಲ ಅಂತಾಳ."

"ನಗಲಿ. ಆದ್ರ ಒಂದ್ ಹೆಜ್ಜಿನೂ ಇಡಾಕ ಬಿಡಬ್ಯಾಡ. ಆ ಗಾಳಿ ಮೊದಲ ಸುಮ್ಮನಿರತೈತಿ. ತಾಸುಗಟ್ಟಲೆ ಬಿಟ್ಟು ಎದಿಯೊಳಗ ನೀರು ತುಂಬತೈತಿ. ಹೊತ್ಕೊಂಡ ಬರ್ರಿ."

ಕೊಯ್ದ ಹುಲ್ಲಿನ ವಾಸನೆಯ ಆ ಅನಿಲದ ಹೆಸರು ಫಾಸ್ಜೀನ್. ಒಂದು ಕಾಲದಲ್ಲಿ ಯುದ್ಧದಲ್ಲಿ ಮನುಷ್ಯರನ್ನು ಕೊಲ್ಲಲು ಅದನ್ನು ಬಿಡುತ್ತಿದ್ದರಂತೆ. ಆ ದ್ರವಕ್ಕೆ ಬೆಸುಗೆಯ ಬಿಸಿಯೂ ಬೆಳಕೂ ತಾಗಿದರೆ ಅದೇ ಅನಿಲ ಹುಟ್ಟುತ್ತದೆ.

ಕೈಗಾಡಿ ಹತ್ತಲು ಕಾಶಿಂಬಿ ಒಪ್ಪಲೇ ಇಲ್ಲ. "ನಾ ಏನ್ ಹೆಣ ಆಗೇನೇನ? ಬಳಿ ಮುಗಿಸಿ ನಡಕೋತ ಬರ್ತೀನಿ" ಎಂದು ನನ್ನ ಮೇಲೆ ರೇಗಿದಳು. ನಾನು ಅವಳ ಬೆಸುಗೆಯ ಕೋಲನ್ನು ಕಸಿದುಕೊಂಡೆ. ಹದಿನಾಲ್ಕು ವರ್ಷದ ಗೆಳೆತನದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಗಾಡಿಯಲ್ಲಿ ಮುಖ ತಿರುಗಿಸಿಕೊಂಡೇ ಕೂತಳು. ಉಸಿರುಮನೆಯಲ್ಲೂ ಮಧ್ಯಾಹ್ನದವರೆಗೆ ನನ್ನ ಜೊತೆ ಮಾತಿಲ್ಲ. ರೊಟ್ಟಿ ತಿಂದಳು. ನಾನೇ ತಪ್ಪು ಓದಿದೆನೇನೋ ಎಂದು ನಾಚಿಕೆಯೂ ಆಯಿತು.

ಬಿಸಿಲು ಇಳಿಯುವ ಹೊತ್ತಿಗೆ ಅವಳ ಉಸಿರಿನಲ್ಲಿ ಗುಳುಗುಳು ಸದ್ದು ಕೇಳಿಸಿತು. ತುಟಿ ನೀಲಿಯಾಯಿತು, ಬಾಯಲ್ಲಿ ಗುಲಾಬಿ ಬಣ್ಣದ ನೊರೆ ಬಂತು. ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಗುರಿನ ಗುರುತು ಇನ್ನೂ ಇದೆ. ಆ ವಿಷಕ್ಕೆ ಮದ್ದಿಲ್ಲ. ಆಮ್ಲಜನಕ ಕೊಟ್ಟು ಕಾಯಬೇಕು ಅಷ್ಟೆ. ಒಂಬತ್ತು ದಿನ ಕಾದೆವು. ಬದುಕಿದಳು. ಮೊದಲೇ ಮಲಗಿಸಿ ಆಮ್ಲಜನಕ ಹತ್ತಿರವಿಟ್ಟುಕೊಂಡಿದ್ದರಿಂದ ಉಳಿದಳು, ನಡೆದು ಬಂದಿದ್ದರೆ ದಾರಿಯಲ್ಲೇ ಮುಗಿಯಬಹುದಿತ್ತು ಎಂದ ತೋಂಟೇಶ. ಈಗ ಅವಳು ನಾಲ್ಕು ಮಾತಿಗೊಮ್ಮೆ ನಿಂತು ಉಸಿರೆಳೆಯುತ್ತಾಳೆ. ಗುಡ್ಡ ಹತ್ತುವುದಿಲ್ಲ. ನಾನು ಬೆಸೆಯುತ್ತೇನೆ, ಅವಳು ಕೂತು ನನ್ನ ಸೊಟ್ಟಗೆರೆಗಳನ್ನು ಬೈಯುತ್ತಾಳೆ.

ಈ ಕಾಗದವನ್ನು ಮೊದಲ ಸಲ ಬರೆದಾಗ ನಾನು ಕೋಪದಿಂದಲೇ ಶುರು ಮಾಡಿದ್ದೆ. ನಿಮ್ಮ ಬಳಿ ಇಂಥ ಡಬ್ಬಿ ಇದ್ದರೆ ಬೆಸೆಯುವ ಜಾಗದಿಂದ ದೂರವಿಡಿ, ಬೆಸೆಯಬೇಕಾದ ಕಬ್ಬಿಣಕ್ಕೆ ಮುಟ್ಟಿಸಲೇಬೇಡಿ, ಆರಿದೆ ಎಂದು ಕಣ್ಣು ಹೇಳಿದರೂ ನಂಬಬೇಡಿ. ಹೊಗೆ ಕುಡಿದವರು ನಗುತ್ತಿದ್ದರೂ ಆಸ್ಪತ್ರೆಗೆ ಒಯ್ಯಿರಿ ಎಂದು ಬರೆದು, ಅಕ್ಷರಗಳನ್ನು ಅಷ್ಟು ಸಣ್ಣದಾಗಿ ಏಕೆ ಅಚ್ಚು ಹಾಕಿದಿರಿ ಎಂದು ಜಗಳಕ್ಕಿಳಿದಿದ್ದೆ. ಕಾಶಿಂಬಿ ಓದಿಸಿಕೊಂಡು ಕೇಳಿದಳು. ಆಮೇಲೆ ನಿಧಾನವಾಗಿ ಹೇಳಿದಳು: "ಬೈಬ್ಯಾಡ. ಡಬ್ಬಿ ಮ್ಯಾಲ ಹಂಗ ಸುಮ್ಮನ ಯಾರೂ ಬರಿಯೂದಿಲ್ಲ... ನನಗಿಂತ ಮೊದಲ ಯಾರೋ ಬಿದ್ದಿರತಾರ... ಅವರ ಹೆಸರ ಕೇಳು."

ಅದಕ್ಕೇ ಕೇಳುತ್ತಿದ್ದೇನೆ. ಅವರು ಯಾರು? ಯಾವ ಊರಿನವರು? ಅವರ ಕೈಯನ್ನು ಯಾರಾದರೂ ಹಿಡಿದುಕೊಂಡಿದ್ದರೇ? ಗೊತ್ತಿದ್ದರೆ ಎಲ್ಲಾದರೂ ದೊಡ್ಡ ಅಕ್ಷರದಲ್ಲಿ ಬರೆದಿಡಿ. ನಾವು ಅಗೆಯುತ್ತಲೇ ಇದ್ದೇವೆ.

ಇಳಾ ಹೊಂಬಳ