ಸ್ಟೂಲಿನ ಮೇಲೆ ನಿಂತ ಪುಟ

ಶಾರದಕ್ಕಾ,

ಭಾನುವಾರದ ಮಕ್ಕಳ ತರಗತಿ ಮುಚ್ಚಲಿಲ್ಲ. ಇದನ್ನು ಮೊದಲು ಹೇಳಿಬಿಡುತ್ತೇನೆ. ಉಳಿದದ್ದನ್ನು ನಿಧಾನವಾಗಿ ಓದಿ.

ಆಸ್ಪತ್ರೆಯಲ್ಲಿ ನೀವು, "ವನಜಾ, ಕ್ಲಾಸು ನೀ ನಡಸ್ತೀಯಲ್ಲ?" ಎಂದಾಗ ಹೂಂ ಅಂದೆ. ಅನುವಾದದ ಕಾದಂಬರಿ ಹಿಡಿದು ಮೂಲೆಯಲ್ಲಿ ಕೂರುವವಳಿಗೆ ಅಷ್ಟು ಮಕ್ಕಳು... ನಿಮಗೆ ಬೇರೆ ಯಾರೂ ಕಾಣಲಿಲ್ಲವೆ? ಅನುವಾದಕರ ಹೆಸರು ನೋಡದೆ ನಾನು ಪುಸ್ತಕ ಶುರುಮಾಡುವುದಿಲ್ಲವೆಂದು ನೀವೇ ಛೇಡಿಸುತ್ತಿದ್ದಿರಿ: "ಊಟಕ್ಕ ಕುಂತ್ರೂ ಅಡಗಿ ಮಾಡಿದವ್ರ ಹೆಸರು ಕೇಳ್ತೀಯೇನ?" ಆಮೇಲೆ ಅದನ್ನೇ ಮಕ್ಕಳಿಗೆ ಆಟ ಮಾಡಿದಿರಿ. ಒಂದು ಮಗು ಪತ್ರಿಕೆಯ ಸುದ್ದಿಯಾಗಿ ಸ್ಟೂಲಿನ ಮೇಲೆ ನಿಲ್ಲಬೇಕು. ಉಳಿದವರು ವಕೀಲರಾಗಿ, ಬರೆದವರು ಯಾರು, ಯಾವಾಗ ಎಂದು ಪ್ರಶ್ನೆ ಹಾಕಬೇಕು.

ನೀವು ನಮ್ಮನ್ನು ಬಿಟ್ಟು ಹೋದ ಮೇಲೆ ಮಲ್ಕಾಜ್‌ಗಿರಿಯ ನಮ್ಮ ಕನ್ನಡ ಸಂಘದ ಕೋಣೆಗೆ ಕಂಪ್ಯೂಟರ್ ಬಂತು, ಇಂಟರ್ನೆಟ್ಟೂ ಬಂತು. ಪರದೆಯಲ್ಲಿ ಕಂಡದ್ದೆಲ್ಲ ಮಕ್ಕಳಿಗೆ ನಿಜ. ನನಗೆ ತೋಚಿದ್ದು ನಿಮ್ಮ ಆಟವೊಂದೇ. ಈಗ ಸ್ಟೂಲು ಹತ್ತುವ ಮಗು ಇಂಟರ್ನೆಟ್ಟಿನ ಒಂದು ಪುಟ.

ಕಾರ್ಯದರ್ಶಿ ಬಸವರಾಜ ಕಾಕಾಗೆ ಇದು ಹಿಡಿಸಲಿಲ್ಲ. ಊರಿಗೆ ಊರೇ ಸಾಫ್ಟ್‌ವೇರ್ ಕೋರ್ಸಿನ ಹಿಂದೆ ಬಿದ್ದಿರುವಾಗ, ಕೋಣೆಯನ್ನು ಕೋಚಿಂಗ್‌ನವರಿಗೆ ಕೊಡಬೇಕೆಂದು ಅವರ ಹಟ. "ಆಟಕ್ಕ ಮೈದಾನ ಐತಿ, ವನಜವ್ವ. ಹುಡುಗ್ರು ಪ್ರೋಗ್ರಾಮಿಂಗ್ ಕಲೀಲಿ."

ಒಂದು ಭಾನುವಾರ ಮಕ್ಕಳೆದುರೇ ಅದನ್ನು ಹೇಳಲು ಬಂದರು. ಕೈಯಲ್ಲಿ ಸಂಘದ ಬೀದರ್ ಪ್ರವಾಸದ ಹಾಳೆ. "ನೋಡ್ರಿ, ಗಾಡಿ ಟೈಮು ನಾನ ನೆಟ್ಟಿನ್ಯಾಗ ಹುಡುಕೀನಿ. ಐದು ನಿಮಿಷ. ಇದಕ್ಕೊಂದು ಕ್ಲಾಸ್ ಯಾಕ?"

ರೈಲ್ವೆ ಗಾರ್ಡರ ಮಗಳು ರೇಣುಕಾ, ಕಾಕಾ ಕೈಯಿಂದಲೇ ಆ ಪುಟ ತೆರೆಸಿ, ಸ್ಟೂಲು ಹತ್ತಿದಳು. "ನಾನ ಈ ಪುಟ. ಕೇಳ್ರಿ."

"ನಿನ್ನ ಬರದವ್ರು ಯಾರು?"

"ಹೆಸರು ಹಾಕಿಲ್ಲ."

"ರೈಲ್ವೆದವ್ರೇನು?"

"ಅಲ್ಲ."

"ಯಾವಾಗ ಬರದಾರ?"

ಅವಳು ಬಗ್ಗಿ ಪರದೆಯ ತಳ ನೋಡಿದಳು. "ಹೋದ ವರ್ಷದ ಹಿಂದಿನ ವರ್ಷ."

ಕೋಣೆಯೆಲ್ಲ ನಗು. ರೈಲ್ವೆ ಮನೆಗಳ ಮಕ್ಕಳಲ್ಲವೆ? ಹೊಸ ಟೈಮ್‌ಟೇಬಲ್ ಬಂದ ದಿನವೇ ಹಳೆಯದರ ಹಾಳೆಗಳು ಅಡುಗೆಮನೆಯ ಡಬ್ಬಿಗಳ ಕೆಳಗೆ ಹೋಗುವುದನ್ನು ನೋಡುತ್ತ ಬೆಳೆದವರು. "ಕಾಕಾ, ಇದನ್ನ ಬ್ಯಾಳಿ ಡಬ್ಬಿ ಕೆಳಗ ಹಾಸ್ರಿ," ಎಂದ ಒಬ್ಬ. ಎರಡನೆಯ ಸಾಕ್ಷಿ ಬೇಕೆಂದು ಎಲ್ಲರೂ ಹಟ ಹಿಡಿದರು. ಕಾಕಾ ತಾವೇ ಸ್ಟೇಷನ್ನಿನ ವಿಚಾರಣೆ ಕೌಂಟರಿಗೆ ಫೋನ್ ಮಾಡಿದರು. ಆ ಗಾಡಿ ಈಗ ಭಾನುವಾರ ಓಡುವುದಿಲ್ಲ. ಪ್ರವಾಸವಿದ್ದದ್ದೋ ಭಾನುವಾರ.

ಕಾಕಾ ಕುರ್ಚಿಗೆ ಒರಗಿದರು. ನನಗೆ ಅವರ ಮುಖ ನೋಡಲು ಭಯ. "ಮಂದಿಯೆಲ್ಲಾ ಬುತ್ತಿ ಕಟ್ಟಿಕೊಂಡು ಪ್ಲಾಟ್‌ಫಾರ್ಮಿನ್ಯಾಗ ನಿಂತಿರ್ತಿದ್ರಲ್ಲೋ," ಎಂದು ನಗತೊಡಗಿದರು. "ಮನ್ಯಾಗ ನಿಮ್ಮ ಕಾಕು ನನ್ನ ಸಾಯೂತನಕ ಆಡಿಕೊಂತಿದ್ಲು."

ಹೊರಡುವಾಗ ಬಾಗಿಲಲ್ಲಿ ನಿಂತು, "ವನಜವ್ವ, ಕೋಚಿಂಗ್‌ನವ್ರು ಸಂಜಿಮುಂದ ಬರ್ಲಿ. ಮುಂಜಾನೆ ನಿಮ್ದ," ಎಂದರು. ನಾನು ಆಗಲಿ ಎಂದೆ. ಅವರು ಮೆಟ್ಟಿಲಿಳಿದ ಮೇಲೆ ಸ್ಟೂಲನ್ನು ಗೋಡೆಗೆ ಸರಿಸಿ ಅದರ ಮೇಲೇ ಕೂತೆ. ರೇಣುಕಾ ನೀರು ತಂದುಕೊಟ್ಟಳು.

ನೀವಿದ್ದಿದ್ದರೆ...

ಬೀದರ್‌ಗೆ ಶನಿವಾರ ಹೊರಡುತ್ತೇವೆ, ಅಕ್ಕಾ. ಗಾಡಿಯ ವೇಳೆಯನ್ನು ಮಕ್ಕಳೇ ಎರಡು ಕಡೆ ವಿಚಾರಿಸಿದ್ದಾರೆ. ಹಾಗಾಗಿ ಈ ಭಾನುವಾರ ತರಗತಿ ಇಲ್ಲ. ಮುಂದಿನ ಭಾನುವಾರ ಇದೆ. ಅದರ ಮುಂದಿನದೂ.

ನಿಮ್ಮ
ವನಜಾ