ಸೃಷ್ಟಿ ಪೂಜಿಗೆ ಕುಂತಾಗ

ಅತ್ತಿ,

ನೀವು ಜಳಕಕ್ಕ ಹೋಗೀರಿ. ಕೂಗಿ ಹೇಳಿದ್ರ ಸೃಷ್ಟಿ ಕಿವಿಗೆ ಬೀಳತೈತಿ ಅಂತ ಬರದಿಟ್ಟೇನಿ.

ಆಕಿ ಗುಳಿಗಿ ಚಟ ಬಿಡಿಸಿದ ಡಾಕ್ಟರ್ ಮೇಡಮ್ಮಾರನ್ನ ಕರ್ಕೊಂಡು ಬರಾಕ ಬಾಗಲಕೋಟಿಗೆ ಹೊಂಟೇನಿ. ರೊಟ್ಟಿ ಬುಟ್ಟ್ಯಾಗ ಅದಾವು. ನಿಮ್ಮ ಮೊಣಕಾಲಿನ ಗುಳಿಗಿ ಉಡ್ಯಾಗ ಕಟ್ಕೊಳ್ರಿ.

“ಮೊಮ್ಮಗಳು ಸುಧಾರಿಸ್ಯಾಳ, ದಿನಾ ಲಿಂಗಪೂಜಿ ಮಾಡ್ತಾಳ, ಕದಾ ತೆಗೀಬ್ಯಾಡ” ಅಂತ ನನ್ನ ಬೈದ್ರಿ. ನಾನೂ ಖುಷಿಲೇ ಸುಮ್ಮನಾದೆ. ಒಬ್ಬರ ಕೊರಳಾಗಿನ, ಲಿಂಗ ಇಡೋ ಕರಡಿಗಿ ಇನ್ನೊಬ್ರು ಮುಟ್ಟಂಗಿಲ್ಲ. ಅದು ಆಕಿಗೂ ಗೊತ್ತೈತಿ.

ಇವತ್ತ ಕದಾ ಹಾಕಾಕ ಬಿಡಬ್ಯಾಡ್ರಿ. ಬೈಯಬ್ಯಾಡ್ರಿ, ಬಾಜೂಕ ಕುಂದ್ರಿಸ್ಕೊಂಡು ತಲಿ ಬಾಚ್ರಿ.

ಈಗ ಕಸಾ ಹೊಡೀವಾಗ ಆಕಿ ಲಿಂಗ ಮಂಚದ ಬುಡಕ ಸಿಕ್ತು, ಅರಿವ್ಯಾಗ ಸುತ್ತಿಟ್ಟಿದ್ಲು. ದೇವರ ಜಗಲಿ ಮ್ಯಾಲ ಇಟ್ಟೇನಿ.

ಮಲಕೊಂಡಾಕಿ ಮಗ್ಗಲ ಹೊಳ್ಳಿದ್ರ, ಕೊರಳಾಗಿನ ಕರಡಿಗಿ ಗಿಲಿಗಿಲಿ ಅಂತೈತಿ.

— ದಾನೇಶ್ವರಿ